ನಾಲ್ಕಡಿಗೆ ಒಂದಿಂಚು ಕಮ್ಮಿ

ಬಚ್ಚಲನ್ನು ಅಳೆದದ್ದು ನನ್ನದೇ ಟೇಪಿನಲ್ಲಿ,
ರವಿಕೆಯ ತೋಳು ಅಳೆಯುವ ಹಳದಿ ಟೇಪು,
ಮೊದಲ ಎರಡು ಇಂಚು ಸವೆದು ಅಂಕಿ ಕಾಣುವುದಿಲ್ಲ.
ಅಗಲ ನಾಲ್ಕಡಿಗೆ ಒಂದಿಂಚು ಕಮ್ಮಿ.
ಉದ್ದ ಐದೂವರೆ, ಅದರಲ್ಲಿ ಕಮೋಡಿನ ಪಾಲು ಎರಡು.
"ಸೀಗೆಹಟ್ಟಿಯಲ್ಲಿ ಈ ಬಾಡಿಗೆಗೆ ಈಜುಕೊಳ ಬೇಕಿತ್ತಾ?"
ಅಂದರು ಓನರ್ ಫಿಲೋಮಿನಮ್ಮ, ಹೊಸ್ತಿಲಾಚೆಯೇ ನಿಂತು.
ಒಳಗೆ ಇಬ್ಬರು ಹಿಡಿಸುವುದಿಲ್ಲ.

ಮಾವ ಅಕ್ಕಿ ಗಿರಣಿಯಲ್ಲಿ ಮೂಟೆ ಹೊತ್ತವರು.
ಈ ಬಚ್ಚಲು ಆ ಭುಜಕ್ಕೆ ಹೊಲಿದದ್ದಲ್ಲ.
ಅಡ್ಡಡ್ಡ ಹೋಗಿ, ಬಾಗಿಲು ಮುಚ್ಚಲೆಂದು
ಬಕೆಟ್ಟನ್ನು ಕಮೋಡಿನ ಮೇಲಿಟ್ಟು,
ಮುಚ್ಚಿದ ಮೇಲೆ ಮತ್ತೆ ಕೆಳಗಿಳಿಸಿ
ಹನ್ನೊಂದು ವರ್ಷ ಮಿಂದರು. ಒಂದು ದಿನವೂ ಗೊಣಗಲಿಲ್ಲ,
ಅಥವಾ ಗೊಣಗಿದ್ದು ನಲ್ಲಿಯ ಸದ್ದಿಗೆ ಕೇಳಿಸಲಿಲ್ಲ.

ದೀಪಾವಳಿ ಕಳೆದ ಎಂಟನೇ ದಿನ ಬಿದ್ದರು.
ಚಿಲಕ ಹಾಕಿರಲಿಲ್ಲ. ತಳ್ಳಿದೆ.
ನಾಲ್ಕು ಬೆರಳಷ್ಟು ತೆರೆಯಿತು, ಅಷ್ಟೇ.
ಸಂದಿಯಿಂದ ಸೋಪಿನ ನೀರು, ಆಮೇಲೆ ಅವರ ದನಿ:
"ತಳ್ಳಬೇಡ ಮಾರಾಯ್ತಿ, ಈ ಕಡೆ ನಾನೇ ಅಗುಳಿ."
ಪಕ್ಕದ ಮನೆಯ ತೌಸೀಫ್, ಏಳನೇ ಕ್ಲಾಸು, ಕಡ್ಡಿಯಂಥವನು,
ವೆಂಟಿಲೇಟರಿನ ಗಾಜುಪಟ್ಟಿ ಒಂದೊಂದೇ ಕಳಚಿ ಒಳಗಿಳಿದ.
ಮೊದಲು ಟವೆಲ್ಲು ಹೊದಿಸಿದನಂತೆ,
ಆಮೇಲೆ ಕಾಲು ಸರಿಸಿದ.

ಮೆಗ್ಗಾನಿನಲ್ಲಿ ಇಪ್ಪತ್ತಾರು ದಿನ.
ಅಷ್ಟರಲ್ಲಿ ನಾನು ಬಚ್ಚಲನ್ನು ಬಿಚ್ಚಿ ಹೊಲಿದೆ.
ಎಪ್ಪತ್ತು ಸೆಂಟಿಮೀಟರು ತಂದು ಕೊಟ್ಟು
ಪೂರ್ತಿ ತೋಳಿಡಿ ಅನ್ನುವವರನ್ನು ಕಂಡವಳು ನಾನು.
ನೆಲದ ಮೇಲಿದ್ದದ್ದೆಲ್ಲ ಗೋಡೆ ಹತ್ತಿತು.
ಮಗಳ ಹಳೇ ಯೂನಿಫಾರಮ್ಮಿನಲ್ಲಿ ಆರು ಜೇಬು ಹೊಲಿದು
ಬಾಗಿಲ ಒಳಮೈಗೆ ತೂಗಿಹಾಕಿದೆ:
ಬ್ರಷ್ಷು, ಸೀಗೆಪುಡಿ, ಮಾವನ ರೇಜರು,
ಒಂದು ಜೇಬು ಏಕೋ ಇನ್ನೂ ಖಾಲಿ.
ದೊಡ್ಡ ಬಕೆಟ್ಟು ಕೊಟ್ಟು, ಸಪೂರದ್ದು ತಂದೆ.
ಆದರೂ ಕೂತು ಮೀಯುವ ಸ್ಟೂಲು, ಹದಿನಾಲ್ಕು ಇಂಚಿನದು,
ಅದು ಕೂತರೆ ಬಾಗಿಲು ಕೂರದು.

ಮೌನೇಶಾಚಾರಿ ಬಂದರು, ಕಿವಿಯ ಮೇಲೆ ಪೆನ್ಸಿಲ್ಲು.
"ಜಾಗ ತಿನ್ನೋದು ಬಾಗಿಲಮ್ಮ" ಅಂದರು.
ಕೀಲು ಬಿಚ್ಚಿ ಚೌಕಟ್ಟಿನ ಹೊರಮೈಗೆ ಕೂರಿಸಿದರು.
ಹನ್ನೆರಡು ಸ್ಕ್ರೂ, ನೂರ ಎಂಬತ್ತು ರೂಪಾಯಿ, ಒಂದು ಲೋಟ ಚಾ.
ಬಾಗಿಲು ಹೊರಗೆ ತೆರೆಯಿತು.
ಹನ್ನೊಂದು ವರ್ಷ!

ಆದರೆ ಹೊರಗಿನದೇನು ಬಯಲೇ?
ಓಣಿಯಂಥ ನಡುಮನೆ, ಅಲ್ಲೇ ನನ್ನ ಮಿಷಿನ್ನು.
ಒಳಗೆ ಅವರಿಗೆ ಸಿಕ್ಕ ಎರಡಡಿ
ಹೊರಗೆ ನನ್ನ ಮೊಣಕಾಲಿನಿಂದ ಕತ್ತರಿಸಿದ್ದು.

ಈಗ ದಿನಾ ಏಳೂವರೆಗೆ
ಒಳಗಿಂದ ಮೂರು ಸಲ ಬಡಿಯುತ್ತಾರೆ.
ಪೆಡಲು ನಿಲ್ಲಿಸಿ, ಸೂಜಿಯನ್ನು ಬಟ್ಟೆಯಲ್ಲೇ ಬಿಟ್ಟು,
ಹಿಂದೆ ಸರಿದು ಕಾಲು ಮಡಿಸುತ್ತೇನೆ.
ಬಾಗಿಲು ಬರುತ್ತದೆ, ಹಬೆ ಬರುತ್ತದೆ,
ವಾಕರ್ ಹಿಡಿದು ಅವರು. ಭುಜ ಈಗಲೂ ಅಗಲ.
"ಕೆಲಸ ಕೆಡಿಸಿದೆನಾ?" ಅನ್ನುತ್ತಾರೆ, ದಿನಾ.
"ಇಲ್ಲ, ದಾರ ಮುಗಿದಿತ್ತು" ಅನ್ನುತ್ತೇನೆ, ದಿನಾ.