ಮೂರು ಸಾವಿರ ಮಿಲಿಮೀಟರ್

ಮುಷ್ಟಿಯೊಳಗೆ ಹಿಡಿಸ್ತದೆ ನೋಡಿ ಅಕ್ಕ,
ಒಂದು ಮೂಸಂಬಿಯಷ್ಟೂ ಭಾರ ಇಲ್ಲ,
ಎಂದ ಕೋರ್ಟ್ ರಸ್ತೆಯ ಅಂಗಡಿಯ ಇರ್ಷಾದ್.
ಜಾಕೆಟಿನ ಕೊರಳಿಗೆ ಹೊಲಿದ ಚೀಟಿಯಲ್ಲಿ ಬರೆದಿತ್ತು:
ಮೂರು ಸಾವಿರ ಮಿಲಿಮೀಟರ್.

ನಾನು ಲೆಕ್ಕದವಳು.
ಹದಿನೇಳು ವರ್ಷದಿಂದ ಉಡುಪಿಯಿಂದ ಮಲ್ಪೆಯವರೆಗೆ
ಅಂಗಡಿ ಅಂಗಡಿ ಹತ್ತಿ ಇಳಿದು ಪಿಗ್ಮಿ ಎತ್ತುವವಳು.
ಹತ್ತು, ಇಪ್ಪತ್ತು, ಐವತ್ತು,
ಮಳೆಗಾಲದಲ್ಲಿ ಹೆಚ್ಚಾಗಿ "ನಾಳೆ ಬನ್ನಿ".
ಅಲ್ಲಿಯೇ ನಿಂತು ಕಳೆದು ನೋಡಿದೆ:
ನಮ್ಮೂರಿಗೆ ವರ್ಷಕ್ಕೆ ಬೀಳುವುದು ನಾಲ್ಕು ಸಾವಿರ ಚಿಲ್ಲರೆ.
ಉಳಿದ ಸಾವಿರಕ್ಕೆ ಯಾರು ಜವಾಬ್ದಾರಿ?

ಇರ್ಷಾದ್ ನಕ್ಕ. ಅದು ಹಾಗಲ್ಲಕ್ಕ,
ಈ ಬಟ್ಟೆಯ ಮೇಲೆ ಮೂರು ಮೀಟರಿನ
ನೀರಿನ ಕಂಬ ನಿಲ್ಲಿಸಿದರೂ ಹನಿ ಇಳಿಯುವುದಿಲ್ಲ ಅಂತ.
ಕಂಬ ನಿಲ್ಲಿಸಿದವರು ಯಾರು, ಎಲ್ಲಿ, ನಾನು ಕೇಳಲಿಲ್ಲ.
ಎಂಟುನೂರ ಐವತ್ತು ಕೊಟ್ಟೆ.

ಜೂನ್ ತಿಂಗಳಿಗೆ ಹೆಸರಿಡುವ ಹಾಗಿಲ್ಲ.
ಹನಿಗಳು ತೋಳಿನ ಮೇಲೆ ಗುಂಡಗೆ ಕೂತು
ತಾವಾಗಿಯೇ ಎದ್ದು ಹೋಗುತ್ತಿದ್ದವು.
ಪತ್ರೊಡೆಗೆ ಇನ್ನೂ ಕೊಯ್ಯದ ಕೆಸುವಿನೆಲೆ ನಾನು.
ಹಳೆಯ ರಬ್ಬರ್ ಕೋಟು, ಎರಡು ಕಿಲೋದ್ದು,
ಬಾಗಿಲ ಹಿಂದಿನ ಮೊಳೆಯಲ್ಲಿ
ಗೋಡೆಗೆ ಮುಖ ಹಾಕಿ ನೇತಾಡುತ್ತಿತ್ತು.

ಆಟಿ ಬಂತು.
ಆಟಿಯ ಮಳೆ ಮೇಲಿನಿಂದ ಬರುವುದಿಲ್ಲ ಮಾರಾಯ್ರೆ.
ಕಲ್ಮಾಡಿ ದಾಟುವಲ್ಲಿ ಕಡಲ ಕಡೆಯಿಂದ ಅಡ್ಡಕ್ಕೆ ಬರುತ್ತದೆ,
ಎಕ್ಸ್‌ಪ್ರೆಸ್ ಬಸ್ಸಿನ ಚಕ್ರದಿಂದ ಎದ್ದು ಕೆಳಗಿನಿಂದ ಬರುತ್ತದೆ,
ಟೊಪ್ಪಿಯ ಅಂಚು ಹಿಡಿದು ಎತ್ತಿ
ಒಳಗೆ ಯಾರಿದ್ದಾರೆಂದು ನೋಡುತ್ತದೆ.
ಮೊದಲು ಬಿಟ್ಟದ್ದು ಭುಜದ ಹೊಲಿಗೆ,
ಬ್ಯಾಗಿನ ಪಟ್ಟಿ ದಿನವೂ ಉಜ್ಜುವ ಜಾಗ.
ಬಟ್ಟೆಯದು ತಪ್ಪಿಲ್ಲ.
ಸೂಜಿ ಹೋದ ದಾರಿಯಲ್ಲೇ ನೀರು ಹೋಯಿತು.
ಆಮೇಲೆ ಜಿಪ್ಪು.
ಆಮೇಲೆ ಒಳಗೆ ನನ್ನದೇ ಬೆವರು;
ಮಳೆ ಯಾವುದು, ನಾನು ಯಾವುದು,
ಬೆನ್ನಿಗೆ ತಿಳಿಯದೆ ಹೋಯಿತು.

ಕೊಡೆ ರಿಪೇರಿಯ ಲಾರೆನ್ಸ್ ಮಥಾಯಸ್
ಅದನ್ನು ಬಲ್ಬಿಗೆ ಹಿಡಿದು ನೋಡಿದರು.
ಹೊಲಿಗೆಗೆ ಒಂದು ಟೇಪು ಸಹ ಹಾಕಿಲ್ಲ ಬಾಯಿ,
ಇದು ಮಳೆಯ ಅಂಗಿ ಅಲ್ಲ, ಮೋಡದ ಅಂಗಿ.
ಅಂಟು ಸವರಿ ಕೊಟ್ಟರು. ಹಣ ತೆಗೆದುಕೊಳ್ಳಲಿಲ್ಲ.
ಅಂಟು ಎರಡು ದಿನ ಬಂತು.

ಮೂರನೆಯ ದಿನ ಮಲ್ಪೆ.
ದೋಣಿಗಳೆಲ್ಲ ದಡದಲ್ಲಿ ಒಂದಕ್ಕೊಂದು ಒರಗಿ ನಿಂತಿವೆ.
ಹಸಿ ಮೀನಿಲ್ಲದ ತಿಂಗಳು,
ತಗಡಿನ ಕೆಳಗೆ ಒಣ ನಂಗು ಇಟ್ಟುಕೊಂಡು ಬೇಬಿ ಸಾಲ್ಯಾನ್,
ಗೊಬ್ಬರದ ಚೀಲದ ಒಂದು ಮೂಲೆಯನ್ನು ಇನ್ನೊಂದಕ್ಕೆ ತುರುಕಿ
ತಲೆಗೆ ಹಾಕಿಕೊಂಡವರು.
ಅವರ ಇಪ್ಪತ್ತು ರೂಪಾಯಿ ಎಂದೂ ತಪ್ಪಿದ್ದಿಲ್ಲ.

ಇದಕ್ಕೆ ಎಷ್ಟು ಕೊಟ್ಟೆ? ಕೇಳಿದರು.
ಎಂಟುನೂರ ಐವತ್ತು.
ನಗುತ್ತಾರೆಂದುಕೊಂಡೆ. ನಗಲಿಲ್ಲ.
ಬೆರಳ ಗೆಣ್ಣು ಎಣಿಸಿ,
ನಲ್ವತ್ತೆರಡೂವರೆ ದಿನ, ಎಂದರು.

ಮೆಷಿನು ತೆಗೆದೆ. ಅದರ ಗಾಜಿನ ಒಳಗೆ ಉಸಿರು ಕಟ್ಟಿತ್ತು.
ಚೀಟಿ ಅರ್ಧ ಬಂದು ಒದ್ದೆಯಾಗಿ ಹರಿಯಿತು,
ಹೆಸರಿನ ಸಾಲ್ಯಾನ್ ಒಳಗೇ ಉಳಿಯಿತು.
ಒರೆಸಿ ಮತ್ತೆ ಒತ್ತಿ, ಪೂರ್ತಿ ಹೆಸರು ಬರುವ ತನಕ
ಇಬ್ಬರೂ ಮಾತಾಡಲಿಲ್ಲ.

ಆಮೇಲೆ ಜಾಕೆಟ್ ಬಿಚ್ಚಿದೆ.
ಮೆಷಿನು, ನೋಟು, ನನ್ನ ದಪ್ಪ ಪುಸ್ತಕ ಒಳಗಿಟ್ಟು
ಹೊಲಿಗೆಗಳನ್ನೆಲ್ಲ ಕೆಳಗೆ ಮಾಡಿ
ಎರಡು ಸುತ್ತು ಸುತ್ತಿ, ತೋಳುಗಳಿಂದಲೇ ಗಂಟು ಹಾಕಿ
ಸ್ಕೂಟರಿನಲ್ಲಿ ಕಾಲ ನಡುವೆ ನಿಲ್ಲಿಸಿಕೊಂಡು ಹೊರಟೆ.
ಆದಿಉಡುಪಿ ಮುಟ್ಟುವಾಗ ನನ್ನಲ್ಲಿ
ಒಣಗಿದ ಜಾಗ ಹುಡುಕಿದರೆ ನಾಲಗೆ ಮಾತ್ರ.

ಬ್ಯಾಂಕಿನ ಮೇಜಿನ ಮೇಲೆ ಬಿಚ್ಚಿದಾಗ
ನೋಟುಗಳು ಗರಿಗರಿ ಸದ್ದು ಮಾಡಿದವು.
ಒಂದು ಹನಿ ಇಲ್ಲ. ಚೀಟಿ ಸುಳ್ಳು ಹೇಳಿರಲಿಲ್ಲ;
ಮೈಯೊಂದು ಒಳಗೆ ಇರಬಾರದು, ಅಷ್ಟೇ.

ರಾತ್ರಿ ಬಾಗಿಲ ಹಿಂದೆ ನೋಡಿದೆ.
ರಬ್ಬರ್ ಕೋಟಿಗೆ ಬೂಸ್ಟು ಹಿಡಿದಿತ್ತು.
ತೆಂಗಿನೆಣ್ಣೆ ಬಟ್ಟೆಯಲ್ಲಿ ಒರೆಸಿದೆ.
ಬೆಳಿಗ್ಗೆ ಹಾಕಿಕೊಂಡೆ.
ಭಾರ ಉಂಟು.