ಅರ್ಜಿ ನಿಲ್ಲುತ್ತದೆ

ತೀರ್ಪು ಬಂದದ್ದು ಶುಕ್ರವಾರ, ಎಂಬತ್ತೊಂದು ಪುಟ.
ಕನ್ನಡಕ್ಕಿಳಿಸುವ ಕೆಲಸ ನನ್ನದು,
ಕಾರವಾರ ಕೋರ್ಟಿನ ಹಿಂಬದಿಯ ಕೋಣೆಯಲ್ಲಿ.
ಫ್ಯಾನು ತಿರುಗಿದರೆ ಹಾಳೆ ಹಾರುತ್ತದೆ,
ನಿಂತರೆ ಬೆವರು ಅಕ್ಷರದ ಮೇಲೆ.

ಹೊಗೆ ಅಂದರೆ ಏನು ಎಂಬುದಕ್ಕೇ ಹದಿನಾಲ್ಕು ಪುಟ.
ಕಣ್ಣಿಗೆ ಕಾಣದ್ದು, ಮೂಗಿಗೆ ತಾಗದ್ದು,
ನಾವೆಲ್ಲ ಉಸಿರಾಡಿ ಬಿಡುವುದೂ ಅದನ್ನೇ ತಾನೇ
ಎಂದಿದ್ದರಂತೆ ಕಂಪನಿಯ ವಕೀಲರು.
ಬಿಡುವುದಕ್ಕೂ ಮಿತಿ ಉಂಟು, ಎಂದಿದೆ ಪೀಠ;
ಎಷ್ಟೆಂದು ಸರಕಾರ ಹೇಳಲಿ, ಆರು ತಿಂಗಳಲ್ಲಿ.

ಅರ್ಜಿದಾರಳು ಮಾಜಾಳಿಯ ಸುಲೋಚನಾ ತಾಂಡೇಲ.
‘ಈಕೆಗೂ ಆ ಚಿಮಣಿಗೂ ಏನು ಸಂಬಂಧ?
ನಡುವೆ ಇನ್ನೂರು ಮೈಲಿ.’ ಪುಟ ಮೂವತ್ತು.
ಕೆಳಗಿನ ಪೀಠ ಅಂದಿತ್ತು: ಅರ್ಜಿ ನಿಲ್ಲದು.
ಮೇಲಿನದು: ನಿಲ್ಲುತ್ತದೆ.

ಅದೊಂದು ಸಾಲು ಬರೆದು ಚಹಾಕ್ಕೆ ಹೊರಬಿದ್ದೆ.
ಗೇಟಿನ ಬಳಿ ಅವಳೇ,
ಬುಟ್ಟಿಯಲ್ಲಿ ಒಣ ಸೀಗಡಿ.
“ಗೆದ್ದಿರಂತೆ, ಅಕ್ಕಾ.”
“ಹೌದಂತೆ. ಅರ್ಜಿ ನಿಂತಿತಂತೆ.
ಒಲೆಕೋಣೆಯ ಗೋಡೆ ಆಷಾಢದಲ್ಲೇ ಬಿತ್ತು.
ಆರು ತಿಂಗಳೆಂದರೆ ಎಷ್ಟು ಹುಣ್ಣಿಮೆ, ಹೇಳು.”

ಬೆರಳು ಮಡಿಸಿದೆ. ಆರು.
“ಅಮಾವಾಸ್ಯೆ ಬಿಟ್ಟೆಯಲ್ಲ,” ಅಂದಳು.
ಹನ್ನೆರಡು ದೊಡ್ಡ ಭರತ.

ಪಾವು ಸೀಗಡಿ ಅಳೆದು, ಮೇಲೊಂದು ಹಿಡಿ ಹಾಕಿದಳು,
ಗೆದ್ದದ್ದಕ್ಕೆ.

ಮರಳಿ ಬಂದು ಕೂತಿದ್ದೇನೆ. ಪುಟ ಐವತ್ತೆರಡು.
‘ಸೂಕ್ತ ಕಾಲಾವಧಿಯೊಳಗೆ’ ಎಂಬಲ್ಲಿ
‘ಸೂಕ್ತ’ ಬರೆದೆ, ಹೊಡೆದು ಹಾಕಿದೆ, ಮತ್ತೆ ಅದನ್ನೇ ಬರೆದೆ.
ಹಾಳೆಗೆಲ್ಲ ಸೀಗಡಿ ವಾಸನೆ.