ಕಾಲಿನ ಅಳತೆ

ಅಳತೆ ತಗೊಂಡವನು ನಾನೇ.
ದಾರದ ಒಂದು ತುದಿ ನನ್ನ ಹಲ್ಲಲ್ಲಿ,
ಇನ್ನೊಂದನ್ನು ಪೋನಿಮಾನನ ಹರಡಿಗೆ ಸುತ್ತಿ
ಗಂಟು ಹಾಕಿಕೊಂಡೆ.
ಕಚಗುಳಿಯಾಗಿ ನಕ್ಕ.
ಹೊಸ ಚಪ್ಪಲಿಗೆ ಅಂದುಕೊಂಡಿರಬೇಕು.

ಹಲಸಿನ ಮರ ಹಾಜಿ ಮುಸ್ಲಿಕನ ಹಿತ್ತಲಿನದು.
ಬುಡದ ಭಾಗ ಕೊರೆದು ಹಿಂದಿನ ವರ್ಷವಷ್ಟೇ
ಮಸೀದಿಗೆ ನಗಾರಿ ಮಾಡಿದ್ದೆ.
ಉಳಿದದ್ದು ಇದಕ್ಕಾಯಿತು:
ಎರಡು ತೂತು, ಕಬ್ಬಿಣದ ಪಟ್ಟಿ, ಬೀಗ.
ತೂತಿನ ಅಂಚು ಉಜ್ಜಿ ಉಜ್ಜಿ ನಯ ಮಾಡಿದೆ.
ಅದನ್ನು ಕರುಣೆಯ ಬಾಬ್ತಿಗೆ
ಬಹಳ ದಿನ ಜಮಾ ಹಿಡಿದಿದ್ದೆ.

ಅವತ್ತು ಯಾರನ್ನೂ ಕರೆಯಬೇಕಾಗಲಿಲ್ಲ.
ಲವಂಗದ ಕೊಯ್ಲು ಬಿಟ್ಟು ಎಂಟು ಜನ
ದಿಮ್ಮಿ ಹೊರಲು ತಾವಾಗಿ ಬಂದರು.
ಬೀಗಕ್ಕೆ ಅಂಗಡಿಯವನು ಕಾಸು ಕೇಳಲಿಲ್ಲ.
ಹೆಂಗಸರು ಮರಗೆಣಸು ಬೇಯಿಸಿ ತಂದರು.
ಹತ್ತು ಜನರ ಹುಲ್ಲುಕಡ್ಡಿ ಒಬ್ಬನಿಗೆ ಹೊರೆ ಅಂತಾರಲ್ಲ,
ನಾವು ಹೊರೆಯನ್ನೇ ಹುಲ್ಲುಕಡ್ಡಿಯ ಹಾಗೆ ಎತ್ತಿ
ಒಬ್ಬನ ಕಾಲ ಮೇಲೆ ಇಳಿಸಿ
ಕೈ ಕೊಡವಿಕೊಂಡೆವು.

ಅವನೂ ಸುಮ್ಮನಿದ್ದವನಲ್ಲ, ಹೇಳಬೇಕು.
ರಾತ್ರಿಯೆಲ್ಲ ಮಾತಾಡುತ್ತ ರಸ್ತೆಯುದ್ದ ನಡೆದ,
ಲಾರಿಗೆ ಕಲ್ಲು ಬೀರಿದ,
ಒಮ್ಮೆ ಕುಡುಗೋಲು ಹಿಡಿದು
ತನ್ನ ನೆರಳನ್ನೇ ಅಟ್ಟಿಸಿಕೊಂಡು ಹೋದ.
'ಯಾರಾದರೂ ಕೊಂದಾರು, ಅದಕ್ಕೆ ಮೊದಲು ಕಟ್ಟಿ'
ಅಂದವಳು ತುಕಿಯೆಮ್, ಹೆತ್ತವಳು.
ಆ ಒಂದು ಮಾತನ್ನು ತಲೆದಿಂಬು ಮಾಡಿಕೊಂಡು
ಊರು ಮಲಗಿತು.

ಹನ್ನೊಂದು ವರ್ಷ.
ಉಣಿಸಿದವಳು, ತೊಳೆದವಳು, ಹೇನು ಹೆಕ್ಕಿದವಳು ಅವಳೊಬ್ಬಳೇ.
ಹಬ್ಬಕ್ಕೆ ಒಂದು ಅಂಗಿ ತಪ್ಪದೆ ಕಳಿಸುತ್ತಿದ್ದೆವು ನಾವು.
ಪ್ಯಾಂಟು ಕಳಿಸಿದವರಿಲ್ಲ.
ತೊಡಿಸಲಾಗದು ಎಂಬುದು
ಎಲ್ಲರಿಗೂ ಗೊತ್ತಿತ್ತು.

ಎಂಡಾಂಗ್ ಬಂದದ್ದು ಮೋಟಾರ್ ಸೈಕಲ್ಲಿನಲ್ಲಿ,
ಸರ್ಕಾರಿ ಆಸ್ಪತ್ರೆಯ ನರ್ಸು, ಮೊಣಕಾಲವರೆಗೆ ಕೆಸರು.
ಮದ್ದಿನ ಪೆಟ್ಟಿಗೆ, ಒಂದು ಕಾಗದ.
ಕಾಗದದಲ್ಲೊಂದು ಪ್ರಶ್ನೆ: ಕಟ್ಟಿಹಾಕಿದವರು ಯಾರು?
ಅದರ ಮುಂದೆ ಬಿಟ್ಟ ಜಾಗ ಎರಡು ಬೆರಳಗಲ.
ಅಷ್ಟರಲ್ಲಿ ಊರು ಹಿಡಿಸೀತೆ?
'ತಾಯಿ' ಎಂದು ಬರೆಸಿದರು ಊರ ಮುಖ್ಯಸ್ಥರು.
ನಾನು ಪಕ್ಕದಲ್ಲೇ ಇದ್ದೆ.

ಬೀಗ ತುಕ್ಕು ಹಿಡಿದಿತ್ತು. ಗರಗಸವೇ ಬೇಕಾಯಿತು.
ಕೊಯ್ದವನೂ ನಾನೇ, ಗಂಟೆ ಹಿಡಿಯಲಿಲ್ಲ.
ತೂತಿನೊಳಗೆ ಕಾಲು ಬಾವಿಯ ಕೋಲಿನ ಹಾಗೆ ಆಡುತ್ತಿತ್ತು;
ಹಿಮ್ಮಡಿ ಒಂದು ಅಡ್ಡವಿರದಿದ್ದರೆ
ಯಾವತ್ತೋ ಹೊರಬರುತ್ತಿತ್ತು.
ಮಂಡಿ ಮಾತ್ರ ಬಿಚ್ಚಲಿಲ್ಲ.
ಕೂತ ಹಾಗೇ ಎತ್ತಿದೆವು,
ಕುರ್ಚಿ ಎತ್ತಿದ ಹಾಗೆ.

ಆಮೇಲಿನದು ಕಷ್ಟ.
ತಿಂಗಳಿಗೊಂದು ಸೂಜಿ, ಹತ್ತೊಂಬತ್ತು ಕಿಲೋಮೀಟರ್ ಕೆಳಗೆ.
'ಯಾರು ಕರೆತರುತ್ತೀರಿ?' ಸಭೆಯಲ್ಲಿ ಎಂಡಾಂಗ್ ಕೇಳಿದಳು.
ಒಬ್ಬ ಸಿಗರೇಟು ಹಚ್ಚಿದ.
ಒಬ್ಬನ ಗಾಡಿ ರಿಪೇರಿಗಿತ್ತು.
ಒಬ್ಬ ಮಾಡಿನ ಹಲ್ಲಿಯನ್ನೇ ನೋಡುತ್ತ ಕೂತ.
ದಿಮ್ಮಿ ಹೊತ್ತ ಎಂಟರಲ್ಲಿ ಆರು ಜನ ಅಲ್ಲಿದ್ದರು,
ಎಣಿಸಿದೆ, ನನ್ನನ್ನೂ ಸೇರಿಸಿ.
ಅಷ್ಟರಲ್ಲಿ ನಗಾರಿ ಬಡಿಯಿತು, ಮುಸ್ಸಂಜೆಯ ನಮಾಜಿಗೆ.
ಎಲ್ಲ ಹಗುರಾಗಿ ಎದ್ದರು,
ಕರೆ ಕೇಳಿದವರು.
ನನಗೆ ಕೇಳಿದ್ದು ಮರ.

ಈಗ ಅವರ ಅಂಗಳದಲ್ಲಿ ಎರಡು ಸಾಲು ಬಿದಿರು ಕಟ್ಟಿದ್ದೇನೆ,
ಹಿಡಿದು ನಡೆಯಲಿ ಅಂತ.
ಅಳತೆಗೆ ಹೋದ ದಿನ ಕೈಯಲ್ಲಿ ದಾರ ಕಂಡದ್ದೇ
ಪೋನಿಮಾನ್ ಎರಡೂ ಪಾದ ಜೋಡಿಸಿ
ಆದಷ್ಟು ಮುಂದಕ್ಕೆ ಚಾಚಿದ.
'ಅಲ್ಲಪ್ಪ, ಇದು ಸೊಂಟಕ್ಕೆ' ಅಂದೆ.
ನಂಬಲಿಲ್ಲ.
ಬಹಳ ಹೊತ್ತು ಚಾಚಿಕೊಂಡೇ ಇದ್ದ.

ಗೋಡೆಯ ಮೇಲೆ ಹನ್ನೆರಡು ತಿಂಗಳ ಪಟ್ಟಿ.
ಮೊದಲ ಮೂರಕ್ಕೆ ನನ್ನ ಹೆಸರು.
ಏಪ್ರಿಲ್ ಅಂಗಡಿಯವನು, ಬೀಗ ಕೊಟ್ಟವನು.
ಜೂನ್ ಹಾಜಿಯ ಸೊಸೆ, ಗಂಡನನ್ನು ಕೇಳದೆ.
ಉಳಿದ ಮನೆಗಳ ಬಾಗಿಲಲ್ಲಿ
ಪೆನ್ಸಿಲ್ ಹಿಡಿದು ನಿಲ್ಲುತ್ತೇನೆ,
ಬೇಡವಾದರೆ ಅಳಿಸಬಹುದು ಅನ್ನುತ್ತೇನೆ.

ದಿಮ್ಮಿಯನ್ನು ಒಲೆಗೆ ಸೀಳಲು
ತುಕಿಯೆಮ್ ಬಿಡಲಿಲ್ಲ.
ಜಗಲಿಗೆ ಎಳೆಸಿ ಇಟ್ಟುಕೊಂಡಿದ್ದಾಳೆ.
ನೋಡಲು ಬಂದವರಿಗೆ ಚಾ ಕೊಟ್ಟು
ಅಲ್ಲೇ ಜಾಗ ತೋರಿಸುತ್ತಾಳೆ:
ಕೂತುಕೊಳ್ಳಿ.